ಜು. ರೇಖಾ

ಟೈರು ಸುಟ್ಟ ಮಸಿ ನಮ್ಮ ಭಟ್ಟಿ ಸಾಲಿನಲ್ಲಿ
ಪುಕ್ಕಟೆ ಸಿಗುತ್ತಿತ್ತು.
ಬೆರಳು ಅದ್ದಿದರೆ ಸಾಕು.
ಸುಣ್ಣದ ಗೋಡೆ ಮೇಲೆ ಮೊದಲು ಬಂದವನು
ಬಾಡಿಗೆ ವಸೂಲಿಯ ಶಿವಯೋಗಪ್ಪ:
ಒಂದು ಹೊಟ್ಟೆ, ಹೊಟ್ಟೆ ಮೇಲೊಂದು ಚೀಲ,
ಕಾಲಿಗೆ ಗೋಡೆ ಸಾಲಲಿಲ್ಲ.

ಏಟು ಬೀಳುತ್ತದೆಂದು ಕಾದೆ.
ಅಬ್ಬಾ ಬೆವರು ಒರೆಸಿಕೊಂಡು ನೋಡಿದ,
"ಮೂಗು ಅವನದಲ್ಲ" ಅಂದ,
ಮತ್ತೆ ಜರಡಿ ಹಿಡಿದ.

ಮೂಗು ಕಲಿಯಲು ಹೋದದ್ದು
ಹಳೇ ಪಿ.ಬಿ. ರಸ್ತೆಯ ಬೋರ್ಡು ಬರೆಯುವ ಮೌನಾಚಾರಿಯ ಬಳಿ.
ಹೆಸರಿಗಷ್ಟೇ ಮೌನ.
ಆರು ತಿಂಗಳು ಸೀಮೆಎಣ್ಣೆಯಲ್ಲಿ ಬ್ರಷ್ಷು ತೊಳೆಸಿದರು.
ಏಳನೇ ತಿಂಗಳು ಪೆನ್ಸಿಲ್ ಕೊಟ್ಟು
ರಬ್ಬರ್ ಕಿತ್ತುಕೊಂಡರು.
"ಗೆರೆ ಎಳೆಯೋದು ಯಾರಿಗಾದ್ರೂ ಬರುತ್ತೆ ಕಣವ್ವ,
ಕೈ ಎತ್ತೋದು ಕಲಿ."

ಅಶೋಕ ಟಾಕೀಸ್ ಗೇಟು ಬಿದ್ದಾಗಲೆಲ್ಲ ಓಡುತ್ತಿದ್ದೆ.
ರೈಲು ದಾಟುವವರೆಗೆ ಊರೇ ನನಗೆ ಮುಖ ಕೊಟ್ಟು ನಿಲ್ಲುತ್ತಿತ್ತು:
ಗಡಿಯಾರ ನೋಡಿ ನೋಡಿ ಸಣ್ಣಗಾಗುವ ವಕೀಲ,
ಸ್ಕೂಟರ್ ಮೇಲೇ ನಿದ್ದೆ ಹೋದ ದಲಾಲಿ,
ಹತ್ತಿ ಅಂಡಿಗೆಯ ತುದಿಯಲ್ಲಿ ಶೇಂಗಾ ಬಿಡಿಸುವ ಹುಡುಗ.
ಐವತ್ತು ಡಬ್ಬಿಯ ಗೂಡ್ಸು ಅಂದರೆ ನಾಲ್ಕು ಮುಖ.
ಪ್ಯಾಸೆಂಜರ್ ಬಂದರೆ ಒಂದೂವರೆ.

ಆದರೂ ಎಲ್ಲರೂ ಒಂದೇ ತಾಯಿಯ ಮಕ್ಕಳಾಗುತ್ತಿದ್ದರು.
ಕಂಡಕಂಡವರಿಗೆ ಹಲ್ಲು ಉದ್ದ ಮಾಡುತ್ತಿದ್ದೆ.
ಒಂದು ರಾತ್ರಿ ಅಬ್ಬಾ ಕೈ ಹಿಡಿದು
ಭಟ್ಟಿಯ ಮುಂದೆ ಕೂರಿಸಿದ.
ಉಪ್ಪುನೀರು ಕುಡಿದ ಅಕ್ಕಿ ಕಾದ ಮರಳಿಗೆ ಬಿತ್ತು,
ರೆಪ್ಪೆ ಬಡಿಯುವಷ್ಟರಲ್ಲಿ
ಬಾಣಲೆ ತುಂಬ ಮಂಡಕ್ಕಿ.
"ನಾನು ಏನೂ ಸೇರಿಸಿಲ್ಲ ನೋಡು.
ಒಳಗಿದ್ದದ್ದೇ ಹೊರಗೆ ಬಂತು.
ಇನ್ನೊಂದು ಗಳಿಗೆ ಬಿಟ್ಟಿದ್ರೆ ಕರಿ.
ಉಪ್ಪು ಮರೆತಿದ್ರೂ ಉಬ್ಬುತ್ತೆ,
ಯಾರೂ ತಿನ್ನಲ್ಲ."

ಅವನಿಗೆ ಓದು ಬರದು.

ಸಂಜೆ ಪತ್ರಿಕೆಯ ನಾಲ್ಕನೇ ಪುಟ,
ಬೆಂಕಿಪೊಟ್ಟಣದಷ್ಟು ಜಾಗ:
ಉಕ್ಕಿದ ಚರಂಡಿಯಲ್ಲಿ ದೋಣಿ,
ದೋಣಿಯಲ್ಲಿ ನಮ್ಮ ವಾರ್ಡಿನ ಕಾರ್ಪೊರೇಟರ್,
ಕೈಯಲ್ಲಿ ಉದ್ಘಾಟನೆಯ ಕತ್ತರಿ.
ಎಪ್ಪತ್ತೈದು ರೂಪಾಯಿ.
ಮೊಳೆ ಜೋಡಿಸುವ ಹುಡುಗನ ಕೈಯಲ್ಲಿ
ಜುಲೇಖಾ ಹೋಗಿ ಜು. ರೇಖಾ ಆಗಿದ್ದೆ.
"ಯಾರೇ ಇವಳು?" ಅಂದಳು ಅಮ್ಮಿ.
ಅಬ್ಬಾ ಬೆರಳಿಟ್ಟು ಗೆರೆ ಎಣಿಸಿದ. ಹತ್ತೊಂಬತ್ತು.
"ಗೆರೆಗೆ ಹತ್ತತ್ರ ನಾಲ್ಕು ರೂಪಾಯಿ ಬಿತ್ತಲ್ಲೇ!
ನಂಗೆ ಸೇರಿಗೆ ಅಷ್ಟು ಉಳಿಯಲ್ಲ."

ಮೂರನೇ ದಿನ ಕಾರ್ಪೊರೇಟರ್ ಮನೆಗೇ ಬಂದ.
ಬಾಗಿಲ ಹಿಂದೆ ಅಮ್ಮಿಯ ಬಳೆ ನಡುಗಿದ್ದು ಕೇಳಿಸಿತು.
ಅವನು ಹೊಟ್ಟೆ ಹಿಡಿದು ನಕ್ಕ,
ನನ್ನ ತಲೆ ಸವರಿದ,
ಮೂಲ ಚಿತ್ರ ಬೇಡಿ ಪಡೆದ,
ಗಾಜು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗಿಬಿಟ್ಟ.
ಬಂದವರಿಗೆಲ್ಲ ತೋರಿಸುತ್ತಾನಂತೆ, "ನಂದೇ, ನಂದೇ!"
ಚರಂಡಿ ಹಾಗೇ ಇದೆ.

ಉಪ್ಪು ಮರೆತಿದ್ದೆ.

ಆಮೇಲೆ ಇಪ್ಪತ್ತೆರಡು ವರ್ಷ.
"ಈ ವಾರ ಬೇಡಮ್ಮ" ಎಂದು ವಾಪಸಾದವು
ಒಂದು ಟ್ರಂಕು ತುಂಬ ಇವೆ,
ಅಚ್ಚಾದವು ಅದಕ್ಕಿಂತ ಸ್ವಲ್ಪ ಹೆಚ್ಚು.
ಒಬ್ಬರು ಮಾನನಷ್ಟ ಅಂದರು, ಮತ್ತೊಬ್ಬರು ಸನ್ಮಾನ ಅಂದರು;
ಎರಡಕ್ಕೂ ಇಡೀ ದಿನ ಕೂರಿಸುತ್ತಾರೆ.
ಈಗ ಗಾಜಿನ ಹಲಗೆಯ ಮೇಲೆ ಬರೆಯುತ್ತೇನೆ,
ಎರಡು ಬೆರಳಲ್ಲಿ ತಟ್ಟಿದರೆ ತಪ್ಪು ಮಾಯ.
ಯಾಕೋ ತಟ್ಟುವುದಿಲ್ಲ.
ಆ ಮುದ್ರಣದೋಷವನ್ನೂ ತಿದ್ದಲಿಲ್ಲ;
ಸಹಿ ಇವತ್ತಿಗೂ ಅದೇ.

ಮೊನ್ನೆ ಗೇಟಿನ ಬಳಿಯ ಮಂಡಕ್ಕಿ ಅಂಗಡಿಯಲ್ಲಿ
ಹಮಾಲಿಯೊಬ್ಬ ಮೆಣಸಿನಕಾಯಿ ಮುಗಿಸಿ
ಕಾಗದ ಬಿಡಿಸಿ ಹಿಡಿದ.
ನನ್ನದೇ, ಕಳೆದ ಗುರುವಾರದ್ದು.
ಎಣ್ಣೆ ಕುಡಿದು ಮಂತ್ರಿಯ ಮುಖ ಪಾರದರ್ಶಕವಾಗಿ
ಹಿಂದಿನ ಪುಟದ ಟೆಂಡರ್ ಪ್ರಕಟಣೆ
ಹಣೆಯಲ್ಲಿ ತಿರುಗುಮುರುಗು ಮೂಡಿತ್ತು.
ಅಷ್ಟು ಒಳ್ಳೆಯ ಗೆರೆ ನನಗೆ ಹೊಳೆದಿರಲಿಲ್ಲ.

ಅವನು ನಗಲಿಲ್ಲ.
ಮೂಗಿನ ಮೇಲೆ ಬೆರಳಿಟ್ಟು
ಪಕ್ಕದವನ ಕಡೆ ತಿರುಗಿ ಏನೋ ಅಂದ.

ಅಷ್ಟರಲ್ಲಿ ಗೇಟು ಬಿತ್ತು.
ಗೂಡ್ಸು. ಐವತ್ತೆರಡು ಡಬ್ಬಿ.
ಏನಂದನೋ, ಕೇಳಿಸಲಿಲ್ಲ.